ಹಲಸಿನ ಮರದ ಬುಡದ ಕಲ್ಲು

ಕಳೆದ ತಿಂಗಳು ಒಂದು ಸಂಜೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಕಿನ್ನಿಗೋಳಿ ಬಸ್ಸಿಗೆ ಕಾಯುತ್ತಿದ್ದೆ. ಮಳೆ ಆಗಷ್ಟೇ ಬಿಟ್ಟಿತ್ತು. ಪಕ್ಕದಲ್ಲಿ ನಿಲ್ಲಿಸಿದ್ದ ಎರಡು ಬಸ್ಸುಗಳ ಸಂದಿಯಲ್ಲಿ ಒಬ್ಬ ಹುಡುಗ ಸಿಗರೇಟು ಸೇದುತ್ತಿದ್ದ. ಹೆಗಲಲ್ಲಿ ಕಾಲೇಜಿನ ಚೀಲ. ಕೊಳ್ಳಿಯ ತುದಿ ಕಾಣದ ಹಾಗೆ ಅಂಗೈಯೊಳಗೆ ಮುಚ್ಚಿ ಹಿಡಿದಿದ್ದ. ಒಂದು ದಮ್ಮು, ಆಚೆ ಒಂದು ನೋಟ. ಮತ್ತೊಂದು ದಮ್ಮು, ಈಚೆ ಒಂದು ನೋಟ. ಕೆನ್ನೆ ಒಳಗೆ ಹೋಗುವಷ್ಟು ಜೋರಾಗಿ ಎಳೆಯುತ್ತಿದ್ದ. ಒಂದೂವರೆ ನಿಮಿಷವೂ ಆಗಿರಲಿಕ್ಕಿಲ್ಲ. ಅರ್ಧಕ್ಕಿಂತ ಜಾಸ್ತಿ ಉಳಿದಿದ್ದ ಸಿಗರೇಟನ್ನು ನೀರಿಗೆ ಎಸೆದ. ಬಾಯಿಗೆ ಪೆಪ್ಪರ್‌ಮಿಂಟ್ ಹಾಕಿಕೊಂಡು, ಹೊರಡುತ್ತಿದ್ದ ಬಸ್ಸಿನ ಮೆಟ್ಟಿಲಿಗೆ ಓಡಿ ಹತ್ತಿದ.

ಮನೆಗೆ ಹೋಗುವ ದಾರಿಯಿಡೀ ಅವನ ಮುಖವೇ ಕಣ್ಣ ಮುಂದೆ ಇತ್ತು. ಅದರಲ್ಲಿ ಸುಖದ ಸುಳಿವೇ ಇರಲಿಲ್ಲ. ಹಸಿದವನು ನಿಂತುಕೊಂಡೇ ಗಬಗಬ ತಿನ್ನುವಾಗ ಕಾಣುವಂಥ ಮುಖ. ನಾನೂ ಎಷ್ಟೋ ವರ್ಷ ಹಾಗೇ ಸೇದಿದವನು. 1998ರಲ್ಲಿ ಶುರು ಮಾಡಿದ್ದು, 2022ರಲ್ಲಿ ಬಿಟ್ಟದ್ದು. ನಡುವಿನ ವರ್ಷಗಳಲ್ಲಿ ಕಾನೂನು ಬಂತು, ಬೋರ್ಡು ಬಂತು, ದಂಡ ಬಂತು. ಪ್ಯಾಕೆಟ್ಟಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಜಾಗದಲ್ಲಿ ನೋಡಲಾಗದ ಚಿತ್ರ ಬಂತು. ಇವೆಲ್ಲ ನನ್ನ ಚಟಕ್ಕೆ ಏನು ಮಾಡಿದವು? ಕಡಿಮೆ ಮಾಡಿದವಾ, ಅಥವಾ ಸುಮ್ನೆ ಬಸ್ಸುಗಳ ಸಂದಿಗೆ ತಳ್ಳಿದವಾ? ಈ ಪ್ರಶ್ನೆ ಆವತ್ತಿನಿಂದ ತಲೆಯಲ್ಲಿ ಕೂತಿದೆ. ಬರೆದಾದರೂ ನೋಡೋಣ ಅನ್ನಿಸಿತು.

ಬಂದರಿನ ಆಫೀಸು

2008ರಲ್ಲಿ ನಾನು ಮಂಗಳೂರಿನ ಬಂದರಿನ ಹತ್ತಿರ ಒಂದು ಸಣ್ಣ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಹಂಚಿನ ಮಾಡಿನ ಹಳೇ ಕಟ್ಟಡ. ಮರದ ಮೆಟ್ಟಿಲು. ಕಿಟಕಿ ತೆರೆದರೆ ಒಣಮೀನಿನ ವಾಸನೆ, ಮುಚ್ಚಿದರೆ ನಮ್ಮ ಹೊಗೆಯ ವಾಸನೆ. ಆರು ಜನರಲ್ಲಿ ಮೂವರು ಸೇದುವವರು. ಕೊಂಕಣಿ ಮಾತಾಡುವ ಹಿರಿಯ ಗುಮಾಸ್ತರು, ಉಳ್ಳಾಲದಿಂದ ಬರುತ್ತಿದ್ದ ಗೆಳೆಯ, ಮತ್ತೆ ನಾನು. ಮೂವರ ಮೇಜಿನ ಮೇಲೂ ಹಿತ್ತಾಳೆಯ ಬೂದಿತಟ್ಟೆ ಇತ್ತು. ದಿನಕ್ಕೆ ನನಗೆ ಹದಿನಾಲ್ಕು ಬೇಕಾಗುತ್ತಿತ್ತು. ಬೇಕಾಗುತ್ತಿತ್ತು ಅಂದೆ, ಆದರೆ ಅದರಲ್ಲಿ ನಾಲ್ಕೈದನ್ನು ನಾನು ಸೇದುತ್ತಲೇ ಇರಲಿಲ್ಲ. ಹಚ್ಚಿ ತಟ್ಟೆಯ ಅಂಚಿಗೆ ಇಡುತ್ತಿದ್ದೆ. ಲೆಕ್ಕದಲ್ಲಿ ಮುಳುಗುತ್ತಿದ್ದೆ. ತಲೆ ಎತ್ತುವಾಗ ಅದು ಬೂದಿಯಾಗಿರುತ್ತಿತ್ತು. ಆಗ ಇನ್ನೊಂದು ಹಚ್ಚುತ್ತಿದ್ದೆ.

ಸಾರ್ವಜನಿಕ ಜಾಗಗಳಲ್ಲಿ ಸೇದಬಾರದು ಎಂಬ ಕಾಯ್ದೆ ಬಂದದ್ದು 2003ರಲ್ಲಿ. ಆದರೆ ಅದು ನಮ್ಮ ಮೇಜಿಗೆ ಬಂದು ಮುಟ್ಟಿದ್ದು 2008ರ ಅಕ್ಟೋಬರ್ 2ರಂದು. ಹೊಸ ನಿಯಮಗಳು ಅವತ್ತಿನಿಂದ ಜಾರಿಗೆ ಬಂದವು. ಆಫೀಸು, ಕ್ಯಾಂಟೀನು, ಹೋಟೆಲು ಎಲ್ಲವೂ ಸೇರಿದವು. ಗಾಂಧಿ ಜಯಂತಿ, ಗುರುವಾರ, ರಜೆ. ನವರಾತ್ರಿಯ ದಿನಗಳು ಬೇರೆ. ಊರಿಡೀ ಹುಲಿವೇಷದ ತಾಸೆ ಸದ್ದು. ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಬಂದರೆ ಮೂರೂ ಬೂದಿತಟ್ಟೆಗಳು ಮಾಯ. ಗೋಡೆಯಲ್ಲಿ ಬಿಳಿ ಬೋರ್ಡು. ಬೂದಿತಟ್ಟೆ, ಬೆಂಕಿಪೆಟ್ಟಿಗೆ, ಲೈಟರ್ ಯಾವುದನ್ನೂ ಒದಗಿಸಬಾರದು ಅಂತ ನಿಯಮದಲ್ಲೇ ಬರೆದಿತ್ತು. ಮಾಲೀಕರು ಅದನ್ನು ಅಕ್ಷರಶಃ ಪಾಲಿಸಿದ್ದರು. ನಮ್ಮ ಮೇಲಿನ ಪ್ರೀತಿಗಿಂತ ದಂಡದ ಹೆದರಿಕೆ ಜಾಸ್ತಿ ಇದ್ದಿರಬೇಕು.

ಆವತ್ತು ನನ್ನ ಬಲಗೈ ಏನು ಮಾಡಿತು ಅನ್ನುವುದು ಈಗಲೂ ನೆನಪಿದೆ. ಪೆನ್ನು ಕೆಳಗಿಟ್ಟಾಗೆಲ್ಲ ಅದು ತಟ್ಟೆ ಇದ್ದ ಜಾಗಕ್ಕೆ ಹೋಗುತ್ತಿತ್ತು. ಮೇಜಿನ ಬಣ್ಣದಲ್ಲಿ ತಟ್ಟೆಯದ್ದೇ ಒಂದು ದುಂಡು ಗುರುತು ಉಳಿದಿತ್ತು. ಬೆರಳು ಅದರ ಮೇಲೆ ಕೂರುತ್ತಿತ್ತು. ಹಾಗೆ ಹೋದಾಗೆಲ್ಲ ಸೇದಬೇಕು ಅಂತ ನನಗೆ ಅನ್ನಿಸಿರಲಿಲ್ಲ. ಕೈ ಹೋಗುತ್ತಿತ್ತು, ಅಷ್ಟೇ. ಆವತ್ತು ಮೊದಲ ಸಲ ನನಗೆ ಒಂದು ವಿಷಯ ಹೊಳೆಯಿತು. ಚಟದ ಒಂದು ಭಾಗ ನನ್ನೊಳಗೆ ಇರಲೇ ಇಲ್ಲ. ಅದು ಮೇಜಿನ ಮೇಲಿತ್ತು.

ಎರಡು ವಾರದಲ್ಲಿ ಹದಿನಾಲ್ಕು ಹೋಗಿ ಒಂಬತ್ತಾಯಿತು. ಯಾವ ಸಂಕಲ್ಪವೂ ಮಾಡಿರಲಿಲ್ಲ. ತಟ್ಟೆಯ ಅಂಚಿನಲ್ಲಿ ತಾವಾಗಿಯೇ ಉರಿದುಹೋಗುತ್ತಿದ್ದ ಸಿಗರೇಟುಗಳು ನಿಂತುಹೋದವು. ಇದು ನನ್ನೊಬ್ಬನ ಅನುಭವ ಅಲ್ಲ ಅಂತ ಬಹಳ ವರ್ಷದ ನಂತರ ತಿಳಿಯಿತು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬೇರೆ ಬೇರೆ ದೇಶಗಳ 26 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ಒಂದು ಲೇಖನ ಬಂದಿತ್ತು. ಕೆಲಸದ ಜಾಗದಲ್ಲಿ ಸಂಪೂರ್ಣ ನಿಷೇಧ ಇದ್ದರೆ, ಸೇದುವುದನ್ನು ಬಿಡದವರೂ ದಿನಕ್ಕೆ ಸರಾಸರಿ 3.1 ಸಿಗರೇಟು ಕಡಿಮೆ ಸೇದುತ್ತಾರೆ. ಸೇದುವವರ ಪ್ರಮಾಣವೇ ನೂರಕ್ಕೆ 3.8ರಷ್ಟು ಇಳಿಯುತ್ತದೆ.

ಆದರೆ ಉಳಿದ ಒಂಬತ್ತರ ಕತೆ ಬೇರೆ. ರಸ್ತೆಯ ಆಚೆ ಬದಿಯಲ್ಲಿ ಒಂದು ಗೂಡಂಗಡಿ ಇತ್ತು. ಅದರ ಕಂಬಕ್ಕೆ ತೆಂಗಿನ ನಾರಿನ ಹಗ್ಗ ಕಟ್ಟಿರುತ್ತಿದ್ದರು. ಹಗ್ಗದ ತುದಿಯಲ್ಲಿ ಇಡೀ ದಿನ ಕೆಂಡ ಮೆಲ್ಲಗೆ ಉರಿಯುತ್ತಿತ್ತು. ಸಿಗರೇಟನ್ನು ಬಾಯಲ್ಲಿಟ್ಟು, ಬಗ್ಗಿ, ಹಗ್ಗಕ್ಕೆ ಮುಟ್ಟಿಸಿ ಎಳೆಯಬೇಕು. ನಾವು ಮೂವರೂ ಒಟ್ಟಿಗೆ ಇಳಿದು ಅಲ್ಲಿಗೆ ಹೋಗತೊಡಗಿದೆವು. ಹನ್ನೊಂದು ಗಂಟೆಗೆ ಒಂದು, ಊಟದ ನಂತರ ಒಂದು, ನಾಲ್ಕಕ್ಕೆ ಚಹಾದ ಜೊತೆ ಒಂದು. ಗುಮಾಸ್ತರು ತಮ್ಮ ಮಗಳ ಮದುವೆಯ ಚಿಂತೆ ಹೇಳಿಕೊಂಡದ್ದು ಅಲ್ಲಿ. ಸಂಬಳ ಹೆಚ್ಚು ಕೇಳಲು ನಾವು ಮಾತಾಡಿಕೊಂಡದ್ದೂ ಅಲ್ಲಿ. ಆಫೀಸಿನಲ್ಲಿ ಪಕ್ಕಪಕ್ಕ ಕೂತು ಸೇದುವಾಗ ಇಲ್ಲದ ಗೆಳೆತನ ಆ ಗೂಡಂಗಡಿಯ ಮಾಡಿನ ಕೆಳಗೆ ಹುಟ್ಟಿತು. ಮಳೆಗಾಲದಲ್ಲಂತೂ ಮೂವರೂ ಒಂದೇ ಕೊಡೆಯಲ್ಲಿ ಓಡುತ್ತಿದ್ದೆವು. ಹೋದ ಮೇಲೆ ಸಿಕ್ಕ ಐದು ನಿಮಿಷ ಹಾಳಾಗಬಾರದು ಅಂತ ಆಳವಾಗಿ ಎಳೆಯುತ್ತಿದ್ದೆವು. ಎದೆಯೊಳಗೆ ಹೆಚ್ಚು ಹೊತ್ತು ಹಿಡಿಯುತ್ತಿದ್ದೆವು. ಎಣಿಕೆ ಕಡಿಮೆಯಾದಾಗ ಸೇದುವವರು ಹೀಗೆ ಒಂದೊಂದರಿಂದಲೂ ಜಾಸ್ತಿ ಹೀರುತ್ತಾರೆ ಅನ್ನುವುದು ವೈದ್ಯರಿಗೆ ಗೊತ್ತಿರುವ ಸಂಗತಿಯೇ.

ಗದ್ದೆಯಲ್ಲಿ ಕಳೆ ಕಿತ್ತ ಹಾಗಾಯಿತು. ಬೇರಿಲ್ಲದ ಐದು ಕಿತ್ತುಬಂದವು. ಆಳಕ್ಕೆ ಬೇರು ಬಿಟ್ಟ ಒಂಬತ್ತು ಇನ್ನೂ ಕೊಬ್ಬಿದವು. ನಿಷೇಧದಿಂದ ಏನೂ ಆಗುವುದಿಲ್ಲ ಅನ್ನುವವರೂ, ಎಲ್ಲವೂ ಆಗುತ್ತದೆ ಅನ್ನುವವರೂ ಇದನ್ನು ನೋಡಿಲ್ಲ ಅಂತ ನನಗೆ ಅನ್ನಿಸುತ್ತದೆ.

ಮತ್ಸ್ಯಗಂಧದಲ್ಲಿ ಒಂದು ರಾತ್ರಿ

2012ರ ಮೇ ತಿಂಗಳು. ಮುಂಬೈಯಲ್ಲಿ ಹೆಂಡತಿಯ ಕಡೆಯ ಮದುವೆ. ಮಧ್ಯಾಹ್ನ ಮಂಗಳೂರು ಸೆಂಟ್ರಲ್‌ನಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿದೆವು. ಕುರ್ಲಾ ತಲುಪುವುದು ಮರುದಿನ ಬೆಳಿಗ್ಗೆ. ಹೊರಡುವ ಮೊದಲೇ ನನಗೆ ಹೆದರಿಕೆ. ಇಷ್ಟು ಹೊತ್ತು ಸಿಗರೇಟು ಇಲ್ಲದೆ ಹೇಗೆ? ರೈಲಿನಲ್ಲಿ ಸೇದಬಾರದು, ಪ್ಲಾಟ್‌ಫಾರ್ಮಿನಲ್ಲೂ ಸೇದಬಾರದು. ಶೌಚಾಲಯದಲ್ಲಿ ಸೇದುವವರು ಇದ್ದರು. ಆದರೆ ಮೂರು ವರ್ಷದ ಮಗಳು ಜೊತೆಗಿದ್ದಳು, ನನ್ನ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ. ಅವಳ ಮುಂದೆ ಆ ಕೆಲಸ ಮಾಡಲು ಮನಸ್ಸು ಬರಲಿಲ್ಲ.

ಉಡುಪಿ ದಾಟಿತು, ಕುಂದಾಪುರ ದಾಟಿತು. ಸೇತುವೆ, ಸುರಂಗ, ಮತ್ತೆ ಸೇತುವೆ. ಮಗಳಿಗೆ ಒಂದೊಂದೂ ತೋರಿಸುತ್ತಾ ಕೂತಿದ್ದೆ. ಕಾರವಾರದ ಹತ್ತಿರ ಬಂದಾಗ ಗಮನಿಸಿದೆ. ಐದು ಗಂಟೆ ಕಳೆದಿದ್ದರೂ ನನಗೆ ಸಿಗರೇಟಿನ ನೆನಪೇ ಆಗಿರಲಿಲ್ಲ. ಆಫೀಸಿನಲ್ಲಿ ಎರಡು ಗಂಟೆ ತಡೆಯಲು ಆಗದವನು ನಾನು.

ಮಡಗಾಂವ್‌ನಲ್ಲಿ ರೈಲು ಸ್ವಲ್ಪ ಹೊತ್ತು ನಿಂತಿತು. ಮಗಳು ನನ್ನ ತೋಳಿನ ಮೇಲೆ ನಿದ್ದೆ ಹೋಗಿದ್ದಳು. ಕಿಟಕಿಯಿಂದ ನೋಡಿದರೆ, ಪ್ಲಾಟ್‌ಫಾರ್ಮಿನ ತುದಿಯ ಕತ್ತಲಲ್ಲಿ ಮೂರ್ನಾಲ್ಕು ಕೆಂಪು ಚುಕ್ಕಿಗಳು. ಇಳಿದು ಸೇದುತ್ತಿದ್ದಾರೆ. ಆ ಕ್ಷಣಕ್ಕೆ ನನ್ನ ಬಾಯಿ ಒಣಗಿತು. ಎದೆ ಹೊಡೆದುಕೊಂಡಿತು. ಒಂದು ನಿಮಿಷದ ಹಿಂದೆ ಇಲ್ಲದ ಆಸೆ ಹೊಟ್ಟೆಯ ಒಳಗಿನಿಂದ ಎದ್ದು ಬಂತು. ತೋಳು ಎಳೆದುಕೊಂಡರೆ ಮಗಳು ಎಚ್ಚರವಾಗುತ್ತಾಳೆ. ಹಾಗೇ ಕೂತೆ. ರೈಲು ಹೊರಟಿತು. ಚುಕ್ಕಿಗಳು ಹಿಂದೆ ಹೋದವು. ಹತ್ತು ನಿಮಿಷದಲ್ಲಿ ಆಸೆಯೂ ಹೋಯಿತು. ಮತ್ತೆ ಬಂದದ್ದು ಬೆಳಗಿನ ಜಾವ ಪನ್ವೇಲ್ ದಾಟಿದ ಮೇಲೆ, ಜನ ಸೀಟಿನ ಕೆಳಗಿನ ಚೀಲ ಎಳೆಯಲು ಶುರು ಮಾಡಿದಾಗ. ಠಾಣೆ ಬರುವಷ್ಟರಲ್ಲಿ ನಾನು ಬಾಗಿಲ ಹತ್ತಿರ ನಿಂತಾಗಿತ್ತು, ಕೈ ಜೇಬಿನಲ್ಲಿ.

ರಕ್ತದಲ್ಲಿನ ನಿಕೊಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾದರೆ ಆಸೆ ಗಂಟೆಗಂಟೆಗೂ ಏರುತ್ತಲೇ ಹೋಗಬೇಕಿತ್ತು ಅಲ್ವಾ? ಹಾಗಾಗಲಿಲ್ಲ. ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ರೂವೆನ್ ದಾರ್ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಬಗ್ಗೆ ಓದಿದಾಗ ನನಗೆ ಈ ರಾತ್ರಿ ನೆನಪಾಯಿತು. ಅವರು ಸಿಗರೇಟು ಸೇದುವ ವಿಮಾನ ಸಿಬ್ಬಂದಿಯನ್ನು ಕೇಳಿ ನೋಡಿದರು. ಒಂದು ಹಾರಾಟ ಚಿಕ್ಕದು, ಮೂರರಿಂದ ಐದೂವರೆ ಗಂಟೆಯದ್ದು. ಇನ್ನೊಂದು ದೊಡ್ಡದು, ಎಂಟರಿಂದ ಹದಿಮೂರು ಗಂಟೆಯದ್ದು. ಎರಡರಲ್ಲೂ ಆಸೆ ಏರಿದ್ದು ವಿಮಾನ ಇಳಿಯುವ ಹೊತ್ತು ಹತ್ತಿರ ಬಂದಾಗ. ಎಷ್ಟು ಹೊತ್ತಿನಿಂದ ಸೇದಿಲ್ಲ ಅನ್ನುವುದಕ್ಕಿಂತ, ಇನ್ನೆಷ್ಟು ಹೊತ್ತಿಗೆ ಸಿಗುತ್ತದೆ ಅನ್ನುವುದೇ ಅವರನ್ನು ಹೆಚ್ಚು ಕಾಡಿತ್ತು.

ನಮ್ಮ ಉಳ್ಳಾಲದ ಗೆಳೆಯ ಇದನ್ನು ಯಾವ ಅಧ್ಯಯನವೂ ಇಲ್ಲದೆ ಹೇಳಿದ್ದ. ರಂಜಾನ್ ತಿಂಗಳಿಡೀ ಅವನು ಗೂಡಂಗಡಿಯ ಕಡೆ ಬರುತ್ತಿರಲಿಲ್ಲ. ಕಷ್ಟ ಆಗುವುದಿಲ್ಲವಾ ಅಂತ ಕೇಳಿದ್ದೆ. "ಹಗಲು ನೆನಪೇ ಆಗುವುದಿಲ್ಲ. ಸಂಜೆಯ ಅಸರ್ ನಮಾಜಿನ ನಂತರ ಶುರುವಾಗುತ್ತದೆ" ಅಂದ. ಮಾಲೆ ಹಾಕಿಕೊಂಡು ಅಯ್ಯಪ್ಪ ವ್ರತ ಹಿಡಿಯುವವರನ್ನೂ ನೋಡಿ. ದಿನಕ್ಕೆ ಎರಡು ಪ್ಯಾಕ್ ಸೇದುವವರು ಶಬರಿಮಲೆಗೆ ಹೋಗಿ ಬರುವವರೆಗೆ ಮುಟ್ಟುವುದಿಲ್ಲ. ಮಾಲೆ ತೆಗೆದ ದಿನ ಸಂಜೆಗೆ ಮತ್ತೆ ಶುರು. ಅವರ ಮೈ ಬದಲಾಗಿಲ್ಲ, ಶ್ವಾಸಕೋಶ ಬದಲಾಗಿಲ್ಲ. ಸೇದಬಹುದು ಅನ್ನುವ ಬಾಗಿಲು ಒಂದು ಇತ್ತಲ್ಲ, ಅದು ಅಷ್ಟು ದಿನ ಗೋಡೆಯಾಗಿತ್ತು.

ಮೈಗೆ ಕಷ್ಟವೇ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. 2022ರಲ್ಲಿ ಬಿಟ್ಟಾಗ ಮೊದಲ ಹತ್ತು ದಿನ ನಿದ್ದೆ ಇರಲಿಲ್ಲ. ಮಕ್ಕಳ ಮೇಲೆ ರೇಗುತ್ತಿದ್ದೆ. ನಿಕೊಟಿನ್ ಚೂಯಿಂಗ್ ಗಮ್ ಇಲ್ಲದಿದ್ದರೆ ದಾಟುತ್ತಿರಲಿಲ್ಲ. ಆದರೆ ಆ ಹತ್ತು ದಿನದಲ್ಲೂ ಅತಿ ಕಷ್ಟದ ಗಂಟೆಗಳು ಬಂದದ್ದು ಗೂಡಂಗಡಿಯ ಮುಂದೆ ಹಾದುಹೋಗುವಾಗಲೇ.

ಅರ್ಧ ತೆರೆದ ಬಾಗಿಲು

2020ರ ಲಾಕ್‌ಡೌನ್ ಇದನ್ನು ಇನ್ನೂ ಗಟ್ಟಿಯಾಗಿ ಕಲಿಸಿತು. ಗೂಡಂಗಡಿಗಳೆಲ್ಲ ಮುಚ್ಚಿದವು. ಮೊದಲ ಎರಡು ವಾರ ನರಕ. ಯಾಕೆಂದರೆ ಸುದ್ದಿಗಳು ಬರುತ್ತಲೇ ಇದ್ದವು. ಇಂಥ ಮನೆಯ ಹಿತ್ತಲಲ್ಲಿ ಸಿಗುತ್ತದಂತೆ, ಮೂರು ಪಟ್ಟು ರೇಟಂತೆ. ಒಂದೊಂದು ಸುದ್ದಿಗೂ ಮೈ ಕುದಿಯುತ್ತಿತ್ತು. ಆಮೇಲೆ ಅಲ್ಲೂ ಖಾಲಿಯಾಯಿತು. ಫೋನು ಮಾಡಿದವರೆಲ್ಲ ಇಲ್ಲ ಅಂದರು. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಅಂಗಡಿ ತೆರೆದ ದಿನ ಬೆಳಿಗ್ಗೆ ಏಳು ಗಂಟೆಗೆ ನಾನು ಸಾಲಿನಲ್ಲಿದ್ದೆ. ಅಷ್ಟು ವಾರದ ನೆಮ್ಮದಿ ಒಂದು ಶಟರ್ ಎತ್ತಿದ ಸದ್ದಿಗೆ ಹೋಗಿಬಿಟ್ಟಿತು.

ಇದೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಒಂದೇ. ಸೇದುವವನಿಗೆ ಅತಿ ಕ್ರೂರವಾದದ್ದು ಅರ್ಧ ನಿಷೇಧ. ಇಲ್ಲಿ ಸೇದಬಾರದು, ಆದರೆ ಯಾರೂ ನೋಡದಿದ್ದರೆ ಸೇದಬಹುದು. ಪೊಲೀಸರು ಈ ವಾರ ಹಿಡಿಯುತ್ತಾರೆ, ಮುಂದಿನ ವಾರ ಮರೆಯುತ್ತಾರೆ. 2008ರ ನಿಯಮಗಳಲ್ಲೇ ಮೂವತ್ತು ಕೋಣೆಗಳ ಹೋಟೆಲು, ಮೂವತ್ತು ಸೀಟಿನ ರೆಸ್ಟೋರೆಂಟು, ವಿಮಾನ ನಿಲ್ದಾಣಗಳಿಗೆ ಸೇದಲು ಪ್ರತ್ಯೇಕ ಜಾಗ ಮಾಡಿಕೊಳ್ಳುವ ಅವಕಾಶ ಇತ್ತು. ಬಾಗಿಲು ಹೀಗೆ ಅರ್ಧ ತೆರೆದಿದ್ದಾಗ ಮನಸ್ಸು ಇಡೀ ದಿನ ಬಾಗಿಲ ಹತ್ತಿರವೇ ನಿಲ್ಲುತ್ತದೆ. ಸಂದಿ ಹುಡುಕುತ್ತದೆ. ಹುಡುಕಿ ಹುಡುಕಿ, ಹುಡುಕುವುದೇ ಇನ್ನೊಂದು ಚಟ ಆಗುತ್ತದೆ. ಆ ಬಸ್ ನಿಲ್ದಾಣದ ಹುಡುಗ ಅದನ್ನೇ ಕಲಿಯುತ್ತಿದ್ದಾನೆ. ದಂಡ ಮೊದಲು 200 ರೂಪಾಯಿ ಇತ್ತು. 2025ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ ಜಾರಿಗೆ ಬಂದು 1000 ಆಯಿತು. 21 ವರ್ಷ ತುಂಬದವರಿಗೆ ಮಾರಬಾರದು ಅಂತಲೂ ಆಯಿತು. ಒಳ್ಳೆಯದೇ. ನನಗೆ ಸಂತೋಷವೇ ಇದೆ. ಆದರೆ ಅವನಿಗೆ ಅದನ್ನು ಯಾರೋ ಮಾರಿದ್ದಾರೆ. ವಯಸ್ಸು ಕೇಳಿರಲಿಕ್ಕಿಲ್ಲ. ದಂಡ ಎಷ್ಟು ದೊಡ್ಡದು ಅನ್ನುವುದಕ್ಕಿಂತ, ಎಷ್ಟು ಖಚಿತ ಅನ್ನುವುದು ಅವನ ಮನಸ್ಸಿಗೆ ಮುಖ್ಯ. ರೈಲು ನಿಲ್ಲುವುದಿಲ್ಲ ಅಂತ ಗೊತ್ತಿದ್ದರೆ ಯಾರೂ ಬಾಗಿಲಿಗೆ ಬರುವುದಿಲ್ಲ.

ಹೊರಗೆ ಸೇದಲು ಬಿಡದಿದ್ದರೆ ಎಲ್ಲರೂ ಮನೆಯೊಳಗೆ ಸೇದುತ್ತಾರೆ, ಹೆಂಡತಿ ಮಕ್ಕಳು ಹೊಗೆ ಕುಡಿಯಬೇಕಾಗುತ್ತದೆ ಅಂತ ಹಲವರು ಹೇಳುತ್ತಾರೆ. ನನಗೂ ಆ ಭಯ ಇತ್ತು. ಆದರೆ ದೇಶದ ತಂಬಾಕು ಸಮೀಕ್ಷೆಯಲ್ಲಿ ಮನೆಯೊಳಗೆ ಬೇರೆಯವರ ಹೊಗೆಗೆ ಸಿಕ್ಕುವ ವಯಸ್ಕರು 2009-10ರಲ್ಲಿ ನೂರಕ್ಕೆ 52.3 ಇದ್ದರು, 2016-17ರಲ್ಲಿ 38.7ಕ್ಕೆ ಇಳಿದರು. ಹೊರಗಿನ ಬೋರ್ಡು ನೋಡಿ ನೋಡಿ ಮನೆಯಲ್ಲೂ ಹೆಂಗಸರಿಗೆ "ಇಲ್ಲಿ ಬೇಡ" ಅನ್ನುವ ಧೈರ್ಯ ಬಂದಿರಬೇಕು ಅಂತ ನಾನು ಅಂದುಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಮಾತ್ರ ಆ ಧೈರ್ಯ ಬೋರ್ಡಿಗಿಂತ ಎಷ್ಟೋ ಮೊದಲೇ ಇತ್ತು.

ಅಮ್ಮನ ಕಾನೂನು

ಅಮ್ಮ ಬೀಡಿ ಕಟ್ಟುತ್ತಿದ್ದಳು. ನಮ್ಮ ಕಡೆ ಆಗ ಬೀಡಿ ಕಟ್ಟದ ಮನೆ ಹುಡುಕಬೇಕಿತ್ತು. ರಾತ್ರಿ ಎಲೆ ಒದ್ದೆ ಮಾಡಿ ಸುತ್ತಿಡುವುದು, ಬೆಳಿಗ್ಗೆ ಅಳತೆಗೆ ಕತ್ತರಿಸುವುದು, ತೊಡೆಯ ಮೇಲೆ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಸುರುಳಿ ಸುತ್ತುವುದು, ನೂಲು ಬಿಗಿಯುವುದು, ಬಾಯಿ ಮಡಚುವುದು. ವಾರಕ್ಕೊಮ್ಮೆ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಿ ಎಣಿಸಿ ಕೊಡುವುದು. ನನ್ನ ಶಾಲೆಯ ಫೀಸು, ಅಕ್ಕನ ಮದುವೆಯ ಒಡವೆ ಎಲ್ಲ ಆ ತಡ್ಪೆಯಿಂದಲೇ ಎದ್ದು ಬಂದದ್ದು. ಅವಳ ಬೆರಳಿನ ತುದಿಯ ಹಳದಿ ಹೋಗಲೇ ಇಲ್ಲ. ತಂಬಾಕಿನ ಪುಡಿಗೆ ಅವಳಿಗೆ ಬರುತ್ತಿದ್ದ ಕೆಮ್ಮು, ಸೇದಿ ಸೇದಿ ಅಪ್ಪನಿಗೆ ಬಂದ ಕೆಮ್ಮಿಗಿಂತ ಬೇರೆ ಸದ್ದಿನದ್ದು. ಕಣ್ಣು ಮುಚ್ಚಿ ಕೂತರೂ ಯಾರು ಕೆಮ್ಮಿದ್ದು ಅಂತ ಹೇಳಬಲ್ಲೆ. ಬೀಡಿಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಹೊಗಳಲೂ ಬರುವುದಿಲ್ಲ.

ಅಪ್ಪ ಬೀಡಿ ಸೇದುತ್ತಿದ್ದರು. ಆದರೆ ಮನೆಯ ಒಳಗೆ ಸೇದಿದ್ದನ್ನು ನಾನು ನೋಡಿಯೇ ಇಲ್ಲ. ಚಾವಡಿ ತುಂಬ ಒಣ ಎಲೆ, ತಂಬಾಕು, ನೂಲು. ಒಂದು ಕಿಡಿ ಬಿದ್ದರೆ ಕಂಪೆನಿಯ ಮಾಲು ಹೋಗುತ್ತದೆ, ಅಮ್ಮನ ತಿಂಗಳ ದುಡಿಮೆ ಹೋಗುತ್ತದೆ, ಮಾಡು ಕೂಡ ಹೋಗುತ್ತದೆ. ಅಪ್ಪನ ಕೈ ಕಿವಿಯ ಮೇಲಿದ್ದ ಬೀಡಿಗೆ ಹೋದ ಕೂಡಲೇ ಅಮ್ಮ ತಲೆ ಎತ್ತದೆ "ಪಿದಾಯಿ ಪೋಲೆ" ಅನ್ನುತ್ತಿದ್ದಳು. ಹೊರಗೆ ಹೋಗಿ. ಅಷ್ಟೇ. ಜಗಳ ಇಲ್ಲ, ವಿವರಣೆ ಇಲ್ಲ. ಜಗಲಿಯೂ ಆಗುವುದಿಲ್ಲ, ಮಾಡಿನ ಅಂಚೂ ಆಗುವುದಿಲ್ಲ. ಅಂಗಳ ದಾಟಿ ಹಲಸಿನ ಮರದ ಬುಡದಲ್ಲಿದ್ದ ಕಲ್ಲಿನ ಹತ್ತಿರ ಹೋಗಬೇಕು.

ಆಷಾಢದ ಮಳೆಯಲ್ಲೂ ಅದೇ ಕಾನೂನು. ತಲೆಗೆ ಗೊರಬೆ ಹಾಕಿಕೊಂಡು ಅಪ್ಪ ಆ ಕಲ್ಲಿನ ಮೇಲೆ ಕೂರುತ್ತಿದ್ದರು. ಬೀಡಿ ಸಿಗರೇಟಿನ ಹಾಗೆ ತಾನೇ ಉರಿಯುವುದಿಲ್ಲ. ಎಲೆ ಬೇಗ ಆರುತ್ತದೆ, ಮತ್ತೆ ಮತ್ತೆ ಎಳೆಯುತ್ತಿರಬೇಕು. ಒದ್ದೆ ಗಾಳಿಯಲ್ಲಿ ಎರಡು ದಮ್ಮಿಗೆ ಒಮ್ಮೆ ಆರುತ್ತಿತ್ತು. ಮೂರು ಕಡ್ಡಿ ಗೀರಿದ ಮೇಲೆ ಬಿಟ್ಟು ಎದ್ದು ಬರುತ್ತಿದ್ದರು. ಬೇಸಿಗೆಯಲ್ಲಿ ದಿನಕ್ಕೆ ಒಂದು ಕಟ್ಟು ಮುಗಿಸುವವರು ಮಳೆಗಾಲದಲ್ಲಿ ಏಳೆಂಟಕ್ಕೆ ಇಳಿಯುತ್ತಿದ್ದರು. ಅದಕ್ಕಾಗಿ ಅವರು ಸಿಡುಕಿದ್ದು ನನಗೆ ನೆನಪಿಲ್ಲ. ಒಳಗೆ ಸೇದುವುದು ಅವರ ಮಟ್ಟಿಗೆ ಇಲ್ಲದ ಸಂಗತಿ. ಹಾಗಾಗಿ ಒಳಗೆ ಕೂತಾಗ ಅವರಿಗೆ ಅದು ಬೇಕಾಗುತ್ತಲೂ ಇರಲಿಲ್ಲ. ರಾತ್ರಿ ಊಟ ಆದ ಮೇಲೆ ಕದ ಹಾಕಿದರೆ ಬೆಳಗಿನವರೆಗೆ ಬೀಡಿಯ ಮಾತೇ ಇಲ್ಲ. ನಾನು ಮಾತ್ರ ಮದುವೆಯಾದ ಹೊಸತರಲ್ಲಿ ಬಾಡಿಗೆ ಮನೆಯ ಬಾಲ್ಕನಿಗೆ ರಾತ್ರಿ ಮೂರು ಸಲ ಎದ್ದು ಹೋಗುತ್ತಿದ್ದೆ. ಆ ಬಾಲ್ಕನಿಯ ಬಾಗಿಲಿಗೆ ಚಿಲಕ ಇರಲಿಲ್ಲ.

ಅಪ್ಪನಿಗೆ ಈಗ ಎಪ್ಪತ್ತೊಂಬತ್ತು. ಪೂರ್ತಿ ಬಿಡಿ ಅಂತ ಡಾಕ್ಟರು ಹೇಳಿದ್ದಾರೆ, ನಾನೂ ಬೇಡಿಕೊಂಡಿದ್ದೇನೆ, ಪ್ಯಾಕೆಟ್ಟಿನ ಮೇಲಿರುವ ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ನಾನೇ ಫೋನು ಮಾಡಿ ಅವರ ಕೈಗೆ ಕೊಟ್ಟಿದ್ದೇನೆ. ದಿನಕ್ಕೆ ಎರಡಕ್ಕೆ ಬಂದು ನಿಂತಿದ್ದಾರೆ. ಆ ಎರಡನ್ನೂ ಬಿಡಿಸಬೇಕು. ನಾನು ಬಿಡುವುದಿಲ್ಲ. ಅಮ್ಮ ಬೀಡಿ ಕಟ್ಟುವುದನ್ನು ನಿಲ್ಲಿಸಿ ಹತ್ತು ವರ್ಷ ಆಯಿತು. ಮಂಡಿ ಮಡಚಿ ಕೂರಲು ಆಗುವುದಿಲ್ಲ. ತಡ್ಪೆಯಲ್ಲಿ ಈಗ ಅಕ್ಕಿ ಕೇರುತ್ತಾಳೆ. ಹಂಚು ಹೋಗಿ ತಾರಸಿ ಬಂದಿದೆ, ಚಾವಡಿಗೆ ಟೈಲ್ಸ್ ಬಂದಿದೆ. ಹೊತ್ತಿಕೊಳ್ಳುವಂಥದ್ದು ಅಲ್ಲಿ ಏನೂ ಇಲ್ಲ.

ಹೋದ ಭಾನುವಾರ ಸಂಜೆ ನಾವೆಲ್ಲ ಚಾವಡಿಯಲ್ಲಿ ಕೂತಿದ್ದೆವು. ಹೊರಗೆ ಜೋರು ಮಳೆ. ಅಪ್ಪ ಜೇಬು ಮುಟ್ಟಿ ನೋಡಿಕೊಂಡರು. ಅಮ್ಮ ಟಿವಿ ನೋಡುತ್ತಿದ್ದಳು, ಏನೂ ಹೇಳಲಿಲ್ಲ. ಅಪ್ಪ ಮೆಲ್ಲಗೆ ಎದ್ದು, ಬಾಗಿಲ ಹಿಂದಿನ ಕೊಡೆ ತೆಗೆದುಕೊಂಡು, ಅಂಗಳ ದಾಟಿ ಆ ಕಲ್ಲಿನ ಕಡೆ ನಡೆದರು.